ಅತ್ತೆಯ ಮನೆ ಪೇಟೆಯಲ್ಲೇ ಇದೆ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಹಲಸೂರು ಗೇಟ್ ಅಂತ ಒಂದು ಪೊಲೀಸ್ ಠಾಣೆ ಇದೆ. ಠಾಣೆ ಇದೆ, ಗೇಟ್ ಇಲ್ಲ. ಕೋಟೆ ಗೋಡೆ ಬಿದ್ದು ಯಾವ ಕಾಲವಾಯಿತೋ, ಹೆಸರು ಮಾತ್ರ ಉಳಿದುಕೊಂಡಿದೆ. ಹಾಗೇ ಕುಂಬಾರಪೇಟೆಗೆ ಹೋಗಿ ಮಡಕೆ ಕೇಳಿದರೆ ಅಂಗಡಿಯವರು ನಗುತ್ತಾರೆ. ಬಳೇಪೇಟೆಯಲ್ಲಿ ಬಳೆಗಿಂತ ವೀಣೆ, ತಬಲಾ, ಹಾರ್ಮೋನಿಯಂ ಕಣ್ಣಿಗೆ ಬೀಳುತ್ತವೆ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ. ಪೇಟೆ ಅಂದಮೇಲೆ ವ್ಯಾಪಾರ ಬದಲಾಗುತ್ತಲೇ ಇರುತ್ತದೆ. ನನ್ನ ಚಿಂತೆ ಬೇರೆ. ಅಂಗಡಿಗಳ ಮೇಲಿನ ಮಹಡಿಯಲ್ಲಿ, ಗಲ್ಲಿಯ ಒಳಗೆ ರಾತ್ರಿ ಮಲಗುವ ಜನ ಕಡಿಮೆ ಆಗುತ್ತಿದ್ದಾರಲ್ಲ, ಅದು.

ಕೆಂಪೇಗೌಡರು 1537ರಲ್ಲಿ ಈ ಊರು ಕಟ್ಟುವಾಗ, ದೊಡ್ಡಪೇಟೆ ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ಎತ್ತು ಹೂಡಿ ನೇಗಿಲಿನಲ್ಲಿ ಗೆರೆ ಹೊಡೆಸಿದರು ಅಂತ ಕಥೆ. ಆ ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಕಬ್ಬನ್‌ಪೇಟೆಯ ಒಂದು ಗಲ್ಲಿಯಲ್ಲಿ, ನಮ್ಮ ಸೋದರತ್ತೆಯ ಮನೆ. ಎರಡು ಸ್ಕೂಟರ್ ಎದುರುಬದುರು ಬಂದರೆ ಒಂದು ಹಿಂದೆ ಸರಿಯಲೇಬೇಕು. ಮುಂದೆ ಕಲ್ಲಿನ ಜಗಲಿ, ಒಳಗೆ ಸಣ್ಣ ತೊಟ್ಟಿ. ಪಕ್ಕದ ಮನೆಯಲ್ಲಿ ಮಗ್ಗ ಇತ್ತು. ಚಿಕ್ಕಂದಿನಲ್ಲಿ ಅಲ್ಲಿ ಮಲಗಿದರೆ ಗೋಡೆ ಆಚೆಯಿಂದ ಟಕಟಕ ಸದ್ದು. ಅದು ನಿಂತರೇ ಎಚ್ಚರವಾಗುತ್ತಿತ್ತು.

ಹೋದ ವರ್ಷ ಕ್ಯಾಮೆರಾ ಹಿಡಿದುಕೊಂಡು ಹೋಗಿದ್ದೆ. ಅತ್ತೆ ಬಾಗಿಲಲ್ಲೇ ಶುರು ಮಾಡಿದರು. "ಏನೋ, ನೀನೂ ಫೋಟೋ ತೆಗೆಯೋಕೆ ಬಂದ್ಯಾ? ಭಾನುವಾರ ಆದ್ರೆ ಟೋಪಿ ಹಾಕ್ಕೊಂಡು ಗುಂಪಾಗಿ ಬರ್ತಾರೆ. ಕಂಬ ನೋಡ್ತಾರೆ, ಬಾಗಿಲು ನೋಡ್ತಾರೆ. ಮೋರಿ ಒಬ್ರೂ ನೋಡಲ್ಲ."

ಅವರ ಮನೆಯ ಸೂರು ಮದ್ರಾಸ್ ತಾರಸಿ. ತೇಗದ ತೊಲೆ, ತೊಲೆಯ ಮೇಲೆ ಜಂತೆ. ಜಂತೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಜೋಡಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ. ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡಿಯುತ್ತಿದ್ದರಂತೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಬಡಿಯಬೇಕು. ಹಾಗೆ ಬಡಿದ ಸೂರು ಮೂರು ತಲೆಮಾರು ಕಂಡಿತು.

ಆಮೇಲೆ ಒಂದು ಮಳೆಗಾಲ ಅಡುಗೆಮನೆ ಮೂಲೆಯಲ್ಲಿ ಸೋರಿತು. ಮೇಸ್ತ್ರಿ ಬಂದು, "ಇದೆಲ್ಲ ಹಳೇದು, ಮೇಲೆ ಎರಡಿಂಚು ಸಿಮೆಂಟ್ ಹೊಡೆದ್ರೆ ನಿಶ್ಚಿಂತೆ" ಅಂದ. ಹೊಡೆದ. ನಾವೂ ತಲೆಯಾಡಿಸಿದೆವು, ತಪ್ಪು ನಮ್ಮದೂ ಇದೆ. ಸುಣ್ಣದ ಗಾರೆ ಸ್ವಲ್ಪ ನೀರು ಕುಡಿದರೂ ಬಿಸಿಲಿಗೆ ಒಣಗುತ್ತದೆ. ಅದರ ಮೇಲೆ ಸಿಮೆಂಟಿನ ಮುಚ್ಚಳ ಹಾಕಿದರೆ ಒಳಗೆ ಸೇರಿದ ತೇವಕ್ಕೆ ದಾರಿಯೇ ಇಲ್ಲ. ಅದು ಮರಕ್ಕೆ ಇಳಿಯಿತು. ಗೋಡೆಯೊಳಗೆ ಹುದುಗಿದ್ದ ಜಂತೆಯ ತುದಿಗಳು ರಸ್ಕಿನ ಹಾಗೆ ಪುಡಿಯಾದವು. ಒಂದು ಮಧ್ಯಾಹ್ನ ನಾಲ್ಕು ಇಟ್ಟಿಗೆ ಒಲೆಯ ಪಕ್ಕ ಬಿದ್ದವು. ಅತ್ತೆ ಅಕ್ಕಿ ತರಲು ಒಳಗೆ ಹೋಗಿದ್ದರು. ಪುಣ್ಯ.

"ಒಡೆದು ಮೂರಂತಸ್ತು ಕಟ್ಟಿ, ಕೆಳಗೆ ಗೋಡೌನಿಗೆ ಬಾಡಿಗೆ ಕೊಡಿ" ಅನ್ನುವ ಸಲಹೆ ಆವತ್ತು ಸಂಜೆಗೇ ಬಂತು. ಪೇಟೆಯಲ್ಲಿ ಮನೆಗಳು ಹೋಗುವುದು ಬಹಳ ಸಲ ಹೀಗೇ, ಒಂದು ಸೋರುವ ಮೂಲೆಯಿಂದ.

ಹಾಗಂತ ಎಲ್ಲ ಸೂರಿನ ಮೇಲೇ ಹಾಕಲಾರೆ. 1898ರಲ್ಲಿ ಪ್ಲೇಗ್ ಬಂದಾಗ ಇಲ್ಲಿಂದ ಎಷ್ಟೋ ಜನ ಬಿಟ್ಟು ಹೋದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ಆಮೇಲಿನವರು ಗಾಳಿ ಬೆಳಕು ಹುಡುಕಿಕೊಂಡು ರಾಜಾಜಿನಗರ, ವಿಜಯನಗರಕ್ಕೆ ಹೋದರು. ಅವರನ್ನು ಬೈಯೋದು ಹೇಗೆ? ಉಳಿದವರ ಮನೆಗಳಲ್ಲಿ ಪಾಲು ಆಗಿಲ್ಲ. ಏಳು ಜನ ಸಹಿ ಹಾಕದೆ ಒಂದು ಕಿಟಕಿಯನ್ನೂ ರಿಪೇರಿ ಮಾಡಿಸುವ ಹಾಗಿಲ್ಲ. ಹಳೇ ಬಾಡಿಗೆದಾರ ಇದ್ದ ಕಡೆ ಬಾಡಿಗೆ ಕವಡೆ ಕಾಸು, ಅದಕ್ಕೆ ಮಾಲೀಕ ಮೊಳೆಯನ್ನೂ ಹೊಡೆಸುವುದಿಲ್ಲ. ಗೋಡೌನ್ ಆದರೆ ಈ ಯಾವ ತಲೆನೋವೂ ಇಲ್ಲ. ರಟ್ಟಿನ ಪೆಟ್ಟಿಗೆ ನೀರು ಬರಲಿಲ್ಲ ಅಂತ ಜಗಳಕ್ಕೆ ಬರುವುದಿಲ್ಲ, ಅಲ್ವಾ? ಆದರೆ ಕೆಳಗೆ ಪ್ಲಾಸ್ಟಿಕ್ ರಾಶಿ, ಮೇಲೆ ಸಂಸಾರ, ನಡುವೆ ಒಂದೇ ಮೆಟ್ಟಿಲು. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯಲ್ಲಿ ಬೆಂಕಿ ಬಿದ್ದಾಗ ಪುಟ್ಟ ಮಕ್ಕಳ ಸಮೇತ ಒಂದು ಸಂಸಾರವೇ ಹೋಯಿತು.

ಇಟಲಿಯ ಬೊಲೋನ್ಯ ಊರಿನ ವಿಷಯ ಓದಿದಾಗ ನನಗೆ ಆಶ್ಚರ್ಯವಾಗಿತ್ತು. 1973ರಲ್ಲಿ ಅಲ್ಲಿನ ನಗರಸಭೆ ಒಂದು ಯೋಜನೆ ಮಾಡಿತು. ಊರಾಚೆ ಬಡವರಿಗೆ ಹೊಸ ಮನೆ ಕಟ್ಟಲು ಇದ್ದ ಸರ್ಕಾರಿ ದುಡ್ಡನ್ನು, ಊರ ನಡುವಿನ ಹಳೇ ಮನೆಗಳ ರಿಪೇರಿಗೆ ತಿರುಗಿಸಿತು. ರಿಪೇರಿ ಆದಮೇಲೆ ಬಾಡಿಗೆ ಏರಿಸಿ ಹಳಬರನ್ನು ಎಬ್ಬಿಸಬಾರದು ಅಂತ ಕರಾರು. ನಮ್ಮಲ್ಲಿ ಒಂದು ಬೀದಿ ಚಂದ ಮಾಡಿದರೆ ಮೊದಲು ಕಾಫಿ ಅಂಗಡಿ ಬರುತ್ತದೆ, ಮರುವರ್ಷ ಅಲ್ಲಿದ್ದವರು ಖಾಲಿ ಮಾಡಿರುತ್ತಾರೆ. ಬೊಲೋನ್ಯದವರು ಅದನ್ನು ಮೊದಲೇ ಯೋಚಿಸಿದ್ದರು.

ಅಷ್ಟು ದೂರ ಯಾಕೆ, ಅಹಮದಾಬಾದಿನ ಪೋಳ್‌ಗಳಿವೆ. ಪೋಳ್ ಅಂದರೆ ಒಂದೇ ಬಾಗಿಲಿನ ಗಲ್ಲಿ, ಒಳಗೆ ಒತ್ತೊತ್ತಾಗಿ ಮರದ ಕೆತ್ತನೆಯ ಮನೆಗಳು. ಅಂಗಳದ ಕೆಳಗೆ ಮಳೆನೀರಿನ ಟಾಂಕಾ, ಚೌಕದಲ್ಲಿ ಹಕ್ಕಿಗಳಿಗೆ ಕಾಳು ಹಾಕುವ ಚಬೂತರೊ. 2017ರಲ್ಲಿ ಆ ಹಳೇ ಊರು ಯುನೆಸ್ಕೋ ಪಟ್ಟಿಗೆ ಸೇರಿತು, ನಮ್ಮ ದೇಶದ ಮೊದಲ ವಿಶ್ವ ಪರಂಪರೆಯ ನಗರ. ಅಲ್ಲಿ ಪಾರಂಪರಿಕ ಮನೆಯವರು, ತಾವು ಕಟ್ಟದೆ ಬಿಟ್ಟ ಅಂತಸ್ತಿನ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಆ ದುಡ್ಡಲ್ಲಿ ಮನೆ ರಿಪೇರಿ. ಒಳ್ಳೆಯ ಉಪಾಯ. ಆದರೂ ಅಲ್ಲಿಯೂ ಜನ ಹೊರಗೆ ಹೋಗುವುದು, ಗೋಡೌನ್ ಒಳಗೆ ಬರುವುದು ನಿಂತಿಲ್ಲ.

ನಮ್ಮ ಪೇಟೆಗೆ ಇಂಥದ್ದೇ ಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಇಲ್ಲಿ ಕೆಲಸ ಯಾವಾಗಲೂ ರಸ್ತೆಯಿಂದ ಶುರುವಾಗುತ್ತದೆ. ಅಗಲ ಮಾಡೋಣ, ಅಗೆಯೋಣ, ಕಲ್ಲು ಹಾಸೋಣ, ದೀಪದ ಕಂಬ ನೆಡೋಣ. ಚಿಕ್ಕಪೇಟೆಗೆ 2017ರಲ್ಲಿ ಮೆಟ್ರೋ ಬಂತು. ಕೊಳ್ಳುವವರಿಗೆ ಬಹಳ ಅನುಕೂಲವಾಯಿತು, ನಿಜ. ಅತ್ತೆಯ ಮನೆಗೆ ಗ್ಯಾಸ್ ಸಿಲಿಂಡರ್ ಇವತ್ತಿಗೂ ಹುಡುಗನ ಹೆಗಲ ಮೇಲೇ ಬರುತ್ತದೆ. ಮೊಣಕಾಲು ನೋವಿನ ಅತ್ತೆ ರಾತ್ರಿ ಕಕ್ಕಸಿಗೆ ಹನ್ನೊಂದು ಮೆಟ್ಟಿಲು ಇಳಿಯಬೇಕಿತ್ತು. ಅವರು ಪೇಟೆ ಬಿಡುವ ಮಾತಾಡಿದ್ದು ಇಟ್ಟಿಗೆ ಬಿದ್ದ ದಿನವಲ್ಲ. ಆ ಮೆಟ್ಟಿಲಲ್ಲಿ ಜಾರಿದ ದಿನ.

ಕೊನೆಗೆ ಮನೆಯವರೆಲ್ಲ ಸೇರಿ ಸಿಮೆಂಟ್ ಕೀಳಿಸಿದೆವು. ಗಾರೆ ಕೆಲಸ ಬಲ್ಲ ವಯಸ್ಸಾದವರೊಬ್ಬರು ಸಿಕ್ಕಿದರು. ಕೊಳೆತ ತುದಿ ಕತ್ತರಿಸಿ ಹೊಸ ಮರ ಕೂಡಿಸಿದರು, ಸುಣ್ಣವನ್ನು ಗುಂಡಿಯಲ್ಲಿ ವಾರಗಟ್ಟಲೆ ನೆನೆಹಾಕಿದರು. ಅದೇ ಖರ್ಚಲ್ಲಿ ಮೇಲೆ, ಅತ್ತೆಯ ಕೋಣೆಯ ಪಕ್ಕ, ಒಂದು ಕಕ್ಕಸು ಕಟ್ಟಿಸಿದೆವು. ಹೊರಗಿನಿಂದ ನೋಡಿದರೆ ಮನೆ ಮೊದಲಿನ ಹಾಗೇ ಇದೆ. ಟೋಪಿಯವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದಲ್ಲ, ಕಾಟನ್‌ಪೇಟೆಯಲ್ಲಿ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ, ಪೇಟೆಯೆಲ್ಲ ಸುತ್ತಿ ನಮ್ಮ ಕಡೆ ಬರುವುದು ಬೆಳಗಿನ ಜಾವಕ್ಕೆ. ಪೇಟೆ ಬಿಟ್ಟು ಹೋದ ನೆಂಟರೆಲ್ಲ ಆ ಒಂದು ರಾತ್ರಿ ಅತ್ತೆಯ ಮನೆಗೆ ಬಂದು ಸೇರುತ್ತಾರೆ. ಜಗಲಿ ತುಂಬಾ ಜನ, ಮಲ್ಲಿಗೆಯ ರಾಶಿ, ನಿದ್ದೆಗೆಟ್ಟ ಮಕ್ಕಳು. ಈ ಸಲ ಅತ್ತೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಮೇಲಕ್ಕೆ ಕರೆದುಕೊಂಡು ಹೋಗಿ ಹೊಸ ಕಕ್ಕಸು ತೋರಿಸಿದರು. ಕರಗ ಬಂತು ಅಂತ ಕೆಳಗಿನಿಂದ ನಾವು ಕೂಗಿದರೆ, "ಬಂದೆ ತಡೀರೋ, ನಲ್ಲಿ ಹೇಗೆ ತಿರುಗಿಸ್ಬೇಕು ಅಂತ ಇವಳಿಗೆ ಹೇಳಿಕೊಡ್ತಾ ಇದೀನಿ" ಅಂದರು.

ನಮಸ್ಕಾರ.