ಒಳ್ಳೆ ಪುಸ್ತಕ ಯಾವುದು ಅಂತ ಕೇಳಬೇಡಿ

ನಮಸ್ಕಾರ. ಮಳೆ ಹಿಡಿದುಕೊಂಡಿತು ಅಂದರೆ ನಮ್ಮ ಚಿಕ್ಕಮಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಓದೋಕೆ ಯಾವುದಾದ್ರೂ ಒಳ್ಳೆ ಪುಸ್ತಕ ಹೇಳ್ರೋ." ಉತ್ತರವೂ ರೆಡಿ ಇರುತ್ತದೆ. ತೇಜಸ್ವಿ. 'ಕರ್ವಾಲೊ' ಓದು. ಅಲ್ಲಿಗೆ ಮಾತು ಮುಗಿಯಿತು.

ತೇಜಸ್ವಿ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, ಇಲ್ಲಿನ ಕಾಡು, ಜೇನು, ಹಾರುವ ಓತಿ ಎಲ್ಲವನ್ನೂ ಕಾದಂಬರಿಗೆ ತಂದವರು. ಇಲ್ಲಿಯವರು ಅವರನ್ನು ಓದದೆ ಇನ್ಯಾರನ್ನು ಓದಬೇಕು? ಆದರೆ ಆ ಹೆಸರು ಹೇಳೋಕೆ ಗೆಳೆಯನೇ ಬೇಕಾ? ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತವರೂ ಹೇಳುತ್ತಾರೆ. ನನ್ನ ಪ್ರಕಾರ ನಾವು ಕೇಳುವ ರೀತಿಯೇ ಸರಿಯಿಲ್ಲ. 'ಒಳ್ಳೆ ಪುಸ್ತಕ' ಅಂದ ತಕ್ಷಣ ಜನ ಹುಷಾರಾಗುತ್ತಾರೆ. ತಮಗೆ ಇಷ್ಟವಾದದ್ದು ಬಿಟ್ಟು, ಹೇಳಿದರೆ ಮರ್ಯಾದೆ ಬರುವಂಥದ್ದನ್ನು ಹೇಳುತ್ತಾರೆ.

ಅದಕ್ಕೇ ಯಾರಿಗೆ ಯಾವುದರ ಹುಚ್ಚೋ ಅವರ ಹತ್ತಿರ ಅದನ್ನೇ ಕೇಳುತ್ತೇನೆ. ಕೇಳುವುದೂ ಬೇರೆ ಥರ: "ಯಾವುದನ್ನ ಎರಡು ಸಲ ಓದಿದೀಯ?"

ನನ್ನ ಗೆಳೆಯನೊಬ್ಬ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಒಳ್ಳೆ ಪುಸ್ತಕ ಹೇಳು ಅಂದಾಗ "ನಮಗೆಲ್ಲ ಓದೋಕೆ ಎಲ್ಲಾಗುತ್ತೆ ಬಿಡೋ ಮಾರಾಯ" ಅಂದಿದ್ದ. ಎರಡು ಸಲ ಓದಿದ್ದು ಯಾವುದು ಅಂದಾಗ ಟ್ರಂಕ್ ತೆರೆದ. ಒಳಗೆ ಪತ್ತೇದಾರಿ ಕಾದಂಬರಿಗಳ ರಾಶಿ! ಜಾಸ್ತಿ ಎನ್. ನರಸಿಂಹಯ್ಯನವರವು. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಆ ಪುಣ್ಯಾತ್ಮ ಹುಟ್ಟಿದ್ದು 1925ರಲ್ಲಿ, ಇದೇ ಚಿಕ್ಕಮಗಳೂರಿನಲ್ಲಿ. ಓದಿದ್ದು ನಾಲ್ಕನೇ ಕ್ಲಾಸು. ನಮ್ಮೂರಿನ ಸಾಹಿತಿಗಳ ಹೆಸರು ಹೇಳುವಾಗ ಇವರನ್ನು ಮರೆತೇ ಬಿಡುತ್ತೇವೆ, ಅಲ್ವಾ?

ಪುಸ್ತಕಗಳ ಮೇಲೆ ಯಾವುದೋ ಕಾಲದ ಸರ್ಕ್ಯುಲೇಟಿಂಗ್ ಲೈಬ್ರರಿಯ ಸೀಲು. ಪಿನ್ನು ತುಕ್ಕು ಹಿಡಿದು ಹಾಳೆಯ ಮಧ್ಯೆ ಕಂದು ಕಲೆ. ಒಂದರ ಮೊದಲ ಪುಟದಲ್ಲಿ ಯಾರೋ ಮಹಾನುಭಾವರು ಬಾಲ್‌ಪೆನ್ನಿನಲ್ಲಿ 'ಕೊಲೆ ಮಾಡಿದ್ದು ಡ್ರೈವರ್' ಅಂತ ಬರೆದಿಟ್ಟಿದ್ದರು. "ಅದು ಸುಳ್ಳು ಕಣೋ, ನೀನು ಓದು" ಅಂದ ನಮ್ಮ ರೈಟರ್. ಇನ್ನು ಓದದೆ ಇರೋಕಾಗುತ್ತಾ? ರಾತ್ರಿ ಕರೆಂಟ್ ಹೋದರೂ ಟಾರ್ಚ್ ಹಿಡಿದು ಮುಗಿಸಿದೆ.

ಸಣ್ಣ ಕತೆಗಳಿಗೆ ಹಾಸನದ ಗೆಳತಿಯೊಬ್ಬಳಿದ್ದಾಳೆ, ನರ್ಸ್. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ ಸಿಕ್ಕವರೆಲ್ಲ "ಅವರನ್ನ ಓದು" ಅಂದರು. ಖುಷಿಯ ವಿಷಯವೇ. ಹಾಸನದವರು, ಕನ್ನಡದ ಕತೆಗಳು, ದೀಪಾ ಭಾಸ್ತಿಯವರ ಅನುವಾದ. ಆದರೆ ಯಾವ ಕತೆಯಿಂದ ಶುರು ಮಾಡಲಿ ಅಂದರೆ ಅರ್ಧ ಜನ ತಡವರಿಸಿದರು. ಇವಳು ತಡವರಿಸಲಿಲ್ಲ. "'ಕರಿ ನಾಗರಗಳು' ಓದು. ಆದ್ರೆ ಮಾರನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗೋದಿದ್ರೆ ರಾತ್ರಿ ಹಿಡೀಬೇಡ." ಗಂಡ ಕೈಬಿಟ್ಟ ಹೆಂಗಸೊಬ್ಬಳು ನ್ಯಾಯ ಕೇಳಿಕೊಂಡು ಮಕ್ಕಳ ಜೊತೆ ಮಸೀದಿಯ ಹತ್ತಿರ ಕೂರುವ ಕತೆ. ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಸಿನಿಮಾಕ್ಕೆ ಇದೇ ಮೂಲ. ಯಾವಾಗ ಓದಬಾರದು ಅಂತಲೂ ಹೇಳುವ ಗೆಳೆಯರು ಸಿಕ್ಕರೆ ಬಿಡಲೇಬೇಡಿ.

ಮನಸ್ಸು ಭಾರವಾದಾಗ ನಗಿಸುವ ಪುಸ್ತಕ ಬೇಕು ಅಂದರೆ ಅವಳೇ ಗೊರೂರು ರಾಮಸ್ವಾಮಿ ಅಯ್ಯಂಗಾರರ ಹೆಸರು ಹೇಳುತ್ತಾಳೆ. ಅದೂ ಹಾಸನ ಜಿಲ್ಲೆಯೇ, ಹೇಮಾವತಿ ದಂಡೆಯ ಊರು. ಕವಿತೆ ಮಾತ್ರ ಯಾರ ಹತ್ತಿರವೂ ಕೇಳಲು ಹೋಗಬೇಡಿ. ಅವರೇ ಬರೆದದ್ದು ಕೈಗೆ ಬರುತ್ತದೆ.

ಇನ್ನೊಂದು ಮಾತು. ಅವರು ಹೇಳಿದ್ದು ಇಷ್ಟವಾಗದಿದ್ದರೆ ನೇರವಾಗಿ ಹೇಳಿಬಿಡಿ. ಸುಮ್ನೆ ದಾಕ್ಷಿಣ್ಯಕ್ಕೆ "ಚೆನ್ನಾಗಿತ್ತು" ಅಂದರೆ ಮುಂದಿನ ಸಲವೂ ಅಂಥದ್ದನ್ನೇ ತಲೆಗೆ ಕಟ್ಟುತ್ತಾರೆ. "ಐವತ್ತು ಪುಟಕ್ಕೆ ಬಿಟ್ಟೆ ಕಣೇ, ಅದರಲ್ಲಿ ಬರೀ ಮಳೆ ವರ್ಣನೆ, ಮಳೆ ನಮ್ಮನೆ ಹೊರಗೇ ಬೇಕಾದಷ್ಟಿದೆ" ಅಂತ ಒಮ್ಮೆ ಅಂದಿದ್ದಕ್ಕೆ ಅವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಳು. ಆದರೆ ಆಮೇಲೆ ಹೇಳಿದ್ದೆಲ್ಲ ನನಗೆ ಹಿಡಿಸಿದೆ.

ಸದ್ಯ ನನಗೆ ವೈಜ್ಞಾನಿಕ ಕಾದಂಬರಿಗಳ ಹುಚ್ಚಿರುವವರು ಒಬ್ಬರೂ ಸಿಕ್ಕಿಲ್ಲ. ಕನ್ನಡದ್ದೇ ಬೇಕು. ನಿಮ್ಮಲ್ಲಿ ಯಾರಾದರೂ ಅಂಥದ್ದನ್ನು ಎರಡು ಸಲ ಓದಿದ್ದರೆ ಹೆಸರು ಕಳಿಸಿ. ಪ್ರಶಸ್ತಿ ಬಂದಿದೆಯಾ ಇಲ್ವಾ ಅದು ಬೇಡ. ಎಲ್ಲಿ ಬೋರಾಗುತ್ತದೆ ಅಂತ ಮಾತ್ರ ಮೊದಲೇ ಹೇಳಿಬಿಡಿ.