ದ್ರಾಕ್ಷಿ ತೋಟ ಮುಗಿದಲ್ಲಿ ಕಾಡು ಶುರು: ಫಾಲ್ಟ್ಸ್ ಬೆಟ್ಟಗಳಲ್ಲಿ ನಡೆಯೋಣ ಬನ್ನಿ

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಮಾನ್‌ಹೈಮ್, ಹೈಡೆಲ್‌ಬರ್ಗ್, ವಾಲ್‌ಡಾರ್ಫ್ ಸುತ್ತಮುತ್ತ ಇರುವ ನಾವೆಲ್ಲ ನಾಲ್ಕು ದಿನ ರಜೆ ಸಿಕ್ಕಿದರೆ ಸ್ವಿಟ್ಜರ್ಲೆಂಡ್ ಕಡೆ ಹೊರಡುತ್ತೇವೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ರೈನ್ ನದಿ ದಾಟಿ ಪಶ್ಚಿಮಕ್ಕೆ ಅರ್ಧ ಗಂಟೆ ರೈಲಿನಲ್ಲಿ ಕೂತರೆ ಫಾಲ್ಟ್ಸ್ ಪ್ರದೇಶದ ನಾಯ್‌ಸ್ಟಾಟ್ ಊರು ಬರುತ್ತದೆ. ಸ್ಟೇಷನ್ನಿನಿಂದ ಹೊರಗೆ ಬಂದು ಇಪ್ಪತ್ತು ನಿಮಿಷ ನಡೆದರೆ ಬೆಟ್ಟದ ಬುಡದಲ್ಲಿರುತ್ತೀರಿ. ಇಷ್ಟು ಹತ್ತಿರ ಇರುವ ಬೆಟ್ಟವನ್ನು ನಮ್ಮಲ್ಲಿ ಎಷ್ಟೋ ಜನ ಐದಾರು ವರ್ಷದಿಂದ ಬಾಲ್ಕನಿಯಿಂದಲೇ ನೋಡುತ್ತಿದ್ದಾರೆ. ಅದಕ್ಕೇ ಇವತ್ತು ಇದರ ಬಗ್ಗೆ ಮಾತಾಡೋಣ ಅಂದುಕೊಂಡೆ.

ನನ್ನ ಊರು ಚಿಕ್ಕಬಳ್ಳಾಪುರದ ಕಡೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರದ ಕೆಳಗೆ ಆಡಿ ಬೆಳೆದವನು ನಾನು. ಕಲ್ಲುಕಂಬ, ಅದರ ಮೇಲೆ ತಂತಿ, ತಂತಿ ಮೇಲೆ ಬಳ್ಳಿ, ತಲೆ ಎತ್ತಿದರೆ ಗೊಂಚಲು, ಆಚೆಗೆ ನಂದಿಬೆಟ್ಟ. ಇಲ್ಲಿ ಚಪ್ಪರ ಇಲ್ಲ. ಬಳ್ಳಿಗಳನ್ನು ಬೇಲಿಯ ಹಾಗೆ ಸಾಲಾಗಿ ನಿಲ್ಲಿಸಿರುತ್ತಾರೆ, ಎರಡು ಸಾಲಿನ ನಡುವೆ ನಿಂತರೆ ಕಣ್ಣು ನೇರವಾಗಿ ಬೆಟ್ಟಕ್ಕೆ ಹೋಗುತ್ತದೆ. ಮೊದಲ ಸಲ ಹಾಗೆ ನಿಂತಾಗ ಊರಿನ ನೆನಪಾಗಿ ಗಂಟಲು ಕಟ್ಟಿತು.

ಬೆಟ್ಟ ಮತ್ತು ದ್ರಾಕ್ಷಿ ಇಲ್ಲಿ ಜೊತೆಗಿರುವುದಕ್ಕೆ ಕಾರಣ ಇದೆ. ಕೋಟ್ಯಂತರ ವರ್ಷದ ಹಿಂದೆ ರೈನ್ ಕಣಿವೆಯ ನೆಲ ಕುಸಿಯತೊಡಗಿತು, ಅದರ ಅಂಚು ಮೇಲೆದ್ದು ನಿಂತಿತು. ಹಾಗೆ ಎದ್ದ ಅಂಚೇ ಹಾರ್ಟ್ ಬೆಟ್ಟಸಾಲು. ಪಶ್ಚಿಮದಿಂದ ಬರುವ ಮೋಡಗಳು ಕಾಡಿನ ಮೇಲೆಯೇ ಮಳೆ ಸುರಿಸಿಬಿಡುತ್ತವೆ. ಪೂರ್ವದ ಇಳಿಜಾರಿಗೆ ಬಿಸಿಲು ಜಾಸ್ತಿ, ಮಳೆ ಕಡಿಮೆ. ರೀಸ್ಲಿಂಗ್ ದ್ರಾಕ್ಷಿಗೆ ಅದು ಹಿತ. ದ್ರಾಕ್ಷಿ ಒಂದೇ ಅಲ್ಲ, ಅಂಜೂರವೂ ಬಾದಾಮಿಯೂ ಇಲ್ಲಿ ಬೆಳೆಯುತ್ತವೆ. ಮಾರ್ಚ್‌ನಲ್ಲಿ ಗಿಮ್ಮೆಲ್‌ಡಿಂಗನ್ ಕಡೆ ಹೋಗಿ ನೋಡಿ, ಬೇರೆ ಮರಗಳೆಲ್ಲ ಇನ್ನೂ ಬೋಳಾಗಿರುವಾಗ ಬಾದಾಮಿ ಮರ ಮಾತ್ರ ಗುಲಾಬಿ ಬಣ್ಣದ ಹೂ ತುಂಬಿಕೊಂಡು ನಿಂತಿರುತ್ತದೆ.

ತೋಟ ಮುಗಿದು ಕಾಡು ಶುರುವಾಗುವ ಕಡೆ ಚೆಸ್ಟ್‌ನಟ್ ಮರಗಳಿವೆ. ಇಲ್ಲಿಯವರ ಆಡುಮಾತಿನಲ್ಲಿ ಅದು ಕೆಶ್ಟೆ. ಸುಮ್ನೆ ಹುಟ್ಟಿಕೊಂಡ ಮರಗಳಲ್ಲ ಇವು. ಈ ಮರ ಬೇಗ ಕೊಳೆಯುವುದಿಲ್ಲ, ಹಾಗಾಗಿ ಬಳ್ಳಿಗೆ ಆಸರೆಯ ಗೂಟ ಇದರಿಂದಲೇ ಆಗುತ್ತಿತ್ತು. ತೋಟದ ಪಕ್ಕದಲ್ಲೇ ತೋಟಕ್ಕೆ ಬೇಕಾದ ಕಾಡು ಬೆಳೆಸಿದ್ದಾರೆ. ಅಕ್ಟೋಬರ್‌ನಲ್ಲಿ ದಾರಿ ತುಂಬಾ ಮುಳ್ಳುಕಾಯಿ ಬಿದ್ದಿರುತ್ತದೆ. ಬೂಟಿನಿಂದ ಮೆಲ್ಲಗೆ ಒತ್ತಿದರೆ ಒಳಗಿನಿಂದ ಹೊಳೆಯುವ ಕಂದು ಬೀಜ ಹೊರಗೆ ಜಾರುತ್ತದೆ. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ.

ಅಲ್ಲಿಂದ ಮುಂದೆ ಕಾಡೇ ಕಾಡು. ಫೆಲ್ಟ್ಸರ್‌ವಾಲ್ಡ್ ಅಂದರೆ ಸುಮಾರು 1,770 ಚದರ ಕಿಲೋಮೀಟರ್ ಹರಡಿರುವ ಕಾಡು. ದಕ್ಷಿಣಕ್ಕೆ ಗಡಿ ದಾಟಿದರೂ ಅದು ನಿಲ್ಲುವುದಿಲ್ಲ, ಫ್ರಾನ್ಸಿನ ಉತ್ತರ ವೋಜ್ ಬೆಟ್ಟಗಳ ಜೊತೆ ಸೇರಿಕೊಳ್ಳುತ್ತದೆ. 1998ರಿಂದ ಎರಡೂ ದೇಶದ ಕಾಡು ಸೇರಿ ಯುನೆಸ್ಕೋದ ಒಂದೇ ಜೀವಗೋಳ ಮೀಸಲು ಪ್ರದೇಶ.

ಇಷ್ಟು ದೊಡ್ಡ ಕಾಡಿನಲ್ಲಿ ದಾರಿ ತಪ್ಪುವುದಿಲ್ಲವಾ ಅಂತ ಕೇಳುತ್ತೀರಿ, ಅಲ್ವಾ? ನಾನು ತಪ್ಪಿದ್ದೇನೆ. ಬಂದ ಮೊದಲ ವರ್ಷ, ನವೆಂಬರ್, ಒಬ್ಬನೇ ಬೆಟ್ಟ ಇಳಿಯುತ್ತಿದ್ದೆ. ಒಂದು ಕವಲಿನಲ್ಲಿ ಒಂದೇ ಬೀಚ್ ಮರದ ಮೇಲೆ ದಾರಿ ತೋರಿಸಲು ಬಳಿದ ಎರಡು ಗುರುತು ಇದ್ದವು. ನಾನು ಬಣ್ಣ ನೋಡಿದೆ, ಆಕಾರ ನೋಡಲಿಲ್ಲ. ಚುಕ್ಕೆ ಹಿಡಿಯಬೇಕಾದವನು ಅಡ್ಡಗೀಟು ಹಿಡಿದು ಬೇರೆ ಕಣಿವೆಗೆ ಇಳಿದೆ. ಐದು ಗಂಟೆಯೊಳಗೆ ಕತ್ತಲು, ಮೊಬೈಲಿಗೆ ಸಿಗ್ನಲ್ ಇಲ್ಲ. ಮೊಬೈಲಿನ ಬೆಳಕಿನಲ್ಲಿ ರಸ್ತೆ ಮುಟ್ಟುವ ಹೊತ್ತಿಗೆ ಏಳೂವರೆ. ಅವತ್ತು ಆದ ಭಯ ಇನ್ನೂ ನೆನಪಿದೆ.

ಅದಾದ ಮೇಲೆ ಆ ಗುರುತುಗಳನ್ನು ಓದಲು ಕಲಿತೆ. ಪಟ್ಟಿ, ಚುಕ್ಕೆ, ಅಡ್ಡಗೀಟು, ಎರಡು ಬಣ್ಣದ ಪಟ್ಟಿ. ಪ್ರತಿ ದಾರಿಗೂ ತನ್ನದೇ ಬಣ್ಣ, ತನ್ನದೇ ಆಕಾರ. ಬಣ್ಣ, ಆಕಾರ ಎರಡೂ ಸೇರಿದರೇ ಒಂದು ಗುರುತು. ಇವುಗಳ ಹಿಂದೆ ಇರುವುದು ಮುಖ್ಯವಾಗಿ ಫೆಲ್ಟ್ಸರ್‌ವಾಲ್ಡ್ ಫೆರೈನ್ ಅನ್ನುವ ನಡಿಗೆ ಸಂಘ. 1902ರಲ್ಲಿ ಶುರುವಾದದ್ದು. ಗುರುತು ಬರೆಯುವವರು ಸಂಬಳದವರಲ್ಲ, ಊರಿನ ಸಾಮಾನ್ಯ ಜನ. ಒಬ್ಬೊಬ್ಬರಿಗೆ ಇಷ್ಟು ದಾರಿ ಅಂತ ವಹಿಸಿರುತ್ತಾರೆ.

ಅಂಥ ಒಬ್ಬ ಅಜ್ಜನನ್ನು ಒಮ್ಮೆ ಕಾಡಿನಲ್ಲಿ ಕಂಡೆ. ಎಪ್ಪತ್ತು ದಾಟಿದ ವಯಸ್ಸು. ತಂತಿ ಬ್ರಷ್ಷಿನಿಂದ ಮರದ ಮೇಲಿನ ಪಾಚಿಯನ್ನು ಮೆಲ್ಲಗೆ ಉಜ್ಜಿದರು. ಕಟ್ ಮಾಡಿದ ತಗಡಿನ ಅಚ್ಚನ್ನು ಒತ್ತಿ ಹಿಡಿದು ಮೊದಲು ಬಿಳಿ ಬಳಿದರು, ಆಮೇಲೆ ನೀಲಿ. ನನ್ನ ಕೈಗೆ ಬಣ್ಣದ ಡಬ್ಬ ಕೊಟ್ಟು ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿದರು. ಸರಿ ಕಾಣಲಿಲ್ಲ ಅನಿಸುತ್ತದೆ, ಅಡ್ಡ ಬಂದಿದ್ದ ಒಂದು ಸಣ್ಣ ಕೊಂಬೆ ಕತ್ತರಿಸಿ ಮತ್ತೆ ಹೋಗಿ ನೋಡಿದರು. ತಿರುಗಿ ಬರುವವರಿಗೂ ಕಾಣಬೇಕು ಅಂತ ಮರದ ಇನ್ನೊಂದು ಮಗ್ಗುಲಿಗೂ ಅಷ್ಟೇ ನಿಧಾನವಾಗಿ ಬಳಿದರು. ಒಂದು ಮರಕ್ಕೆ ಕಾಲು ಗಂಟೆ. ಆವತ್ತಿನಿಂದ ನನಗೆ ಯಾವ ಗುರುತೂ ಬರೀ ಬಣ್ಣವಾಗಿ ಕಾಣುವುದಿಲ್ಲ.

ಇನ್ನು ದಾರಿಗಳ ವಿಷಯ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಒಂದೇ: ನಾಯ್‌ಸ್ಟಾಟ್‌ನಿಂದ ಹತ್ತಿ ಹಾಂಬಾಖ್ ಕೋಟೆ, ಹೋಹೆ ಲೋಗ್, ಕಾಲ್ಮಿಟ್ ದಾಟಿ ಸಾಂಕ್ಟ್ ಮಾರ್ಟಿನ್ ಹಳ್ಳಿಗೆ ಇಳಿಯಿರಿ. ಪೂರ್ತಿ ಒಂದು ದಿನದ ನಡಿಗೆ. ಹಾಂಬಾಖ್ ಅಂದರೆ 1832ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕಪ್ಪು-ಕೆಂಪು-ಚಿನ್ನದ ಬಾವುಟ ಹಿಡಿದು, ಮಾತಾಡುವ ಸ್ವಾತಂತ್ರ್ಯ ಬೇಕು, ಒಂದಾದ ದೇಶ ಬೇಕು ಅಂತ ಹತ್ತಿದ ಬೆಟ್ಟ. ಇವತ್ತಿನ ಜರ್ಮನಿಯ ಬಾವುಟಕ್ಕೂ ಅದೇ ಬಣ್ಣ. ಕಾಲ್ಮಿಟ್ 673 ಮೀಟರ್, ಈ ಕಾಡಿನಲ್ಲಿ ಅದೇ ಎತ್ತರದ ತುದಿ. ನಂದಿಬೆಟ್ಟದ ಅರ್ಧದಷ್ಟೂ ಇಲ್ಲ ಅನ್ನಬೇಡಿ. ನಂದಿಯ ಬುಡವೇ ಒಂಬೈನೂರು ಮೀಟರಿನ ಆಸುಪಾಸಿನಲ್ಲಿದೆ, ಇಲ್ಲಿ ನೀವು ಹೊರಡುವುದು ನೂರೈವತ್ತರ ಸುಮಾರಿನಿಂದ. ಕಾಲಿಗೆ ಗೊತ್ತಾಗುತ್ತದೆ.

ಅಭ್ಯಾಸ ಆದವರಿಗೆ ಫೆಲ್ಟ್ಸರ್ ವೈನ್‌ಸ್ಟೈಗ್ ಇದೆ. ಉತ್ತರದ ಬೊಕೆನ್‌ಹೈಮ್‌ನಿಂದ ಫ್ರಾನ್ಸ್ ಗಡಿಯ ಶ್ವೈಗನ್‌ವರೆಗೆ ಸುಮಾರು 170 ಕಿಲೋಮೀಟರ್. ತೋಟಕ್ಕೆ ಇಳಿಯುತ್ತದೆ, ಕಾಡಿಗೆ ಹತ್ತುತ್ತದೆ, ಮತ್ತೆ ಇಳಿಯುತ್ತದೆ. ಒಂದೇ ಸಲ ಮುಗಿಸಬೇಕಿಲ್ಲ, ಶನಿವಾರಕ್ಕೆ ಒಂದು ತುಂಡು ನಡೆದರೂ ಆಯಿತು. ಪುಟ್ಟ ಮಕ್ಕಳಿದ್ದರೆ ಆನ್‌ವೈಲರ್‌ಗೆ ಹೋಗಿ. ಅಲ್ಲಿ ಒಂದೇ ಏಣಿನ ಮೇಲೆ ಮೂರು ಕೋಟೆಗಳಿವೆ. ಅದರಲ್ಲಿ ಟ್ರಿಫೆಲ್ಸ್ ಕೋಟೆಯಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1193ರಲ್ಲಿ ಸೆರೆ ಇಟ್ಟಿದ್ದರು. ಈ ಕಥೆ ಹೇಳಿದರೆ ಮಕ್ಕಳು ಏರನ್ನು ಮರೆತು ಹತ್ತುತ್ತವೆ.

ಹಗ್ಗ ಹಿಡಿದು ಬಂಡೆ ಹತ್ತುವವರೂ ಇಲ್ಲಿದ್ದೀರಿ ಅಂತ ಗೊತ್ತು. ನಿಮ್ಮಲ್ಲಿ ಕೆಲವರು ರಾಮನಗರ, ಸಾವನದುರ್ಗದಲ್ಲಿ ಕಲಿತು ಬಂದವರು. ಆ ಬಂಡೆಯ ಧೈರ್ಯದಲ್ಲಿ ಇಲ್ಲಿ ಕೈ ಹಾಕಬೇಡಿ. ಅದು ಗಟ್ಟಿ ಗ್ರಾನೈಟ್, ಇದು ಕೆಂಪು ಮರಳುಗಲ್ಲು. ಅಂಗೈ ಸವರಿದರೆ ಸಣ್ಣ ಮರಳು ಅಂಟಿಕೊಳ್ಳುತ್ತದೆ. ಮಳೆ ನೆನೆದರೆ ಕಲ್ಲಿನ ಒಳಗಿನ ಹಿಡಿತವೇ ಸಡಿಲವಾಗಿ ಕೈಗೆ ಸಿಕ್ಕ ಅಂಚು ಮುರಿದು ಬರಬಹುದು. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒದ್ದೆ ಇರುತ್ತದೆ, ಒಂದೆರಡು ದಿನ ಕಾಯಿರಿ. ಬಂಡೆಗೆ ಹೊಡೆದ ಕಬ್ಬಿಣದ ಬಳೆಗಳೂ ದೂರ ದೂರ ಇರುತ್ತವೆ, ನಡುವೆ ಆಧಾರವನ್ನು ನೀವೇ ಹಾಕಿಕೊಳ್ಳಬೇಕು. ಹಾಗಾಗಿ ಮೊದಲು ಇಲ್ಲಿಯವರ ಜೊತೆ ಹೋಗಿ. ದಾನ್ ಸುತ್ತಮುತ್ತಲ ಬಂಡೆಗಳು, ಆನ್‌ವೈಲರ್ ಹತ್ತಿರದ ಆಸೆಲ್‌ಸ್ಟೈನ್, ನೋಡಿದರೇ ಮೈ ಜುಮ್ಮೆನ್ನುತ್ತದೆ. ಆದರೆ ಹೆಚ್ಚುಕಮ್ಮಿ ಫೆಬ್ರವರಿಯಿಂದ ಜೂನ್‌ವರೆಗೆ ಕೆಲವು ಬಂಡೆಗಳಿಗೆ ಬೀಗ. ಪೆರೆಗ್ರಿನ್ ಡೇಗೆ ಅಲ್ಲಿ ಮರಿ ಮಾಡುತ್ತದೆ. ಡಿಡಿಟಿ ವಿಷದಿಂದ ಒಂದು ಕಾಲಕ್ಕೆ ಇಲ್ಲವೇ ಆಗಿದ್ದ ಹಕ್ಕಿ, ಈಗ ಮತ್ತೆ ಬಂದಿದೆ. ಅಷ್ಟು ತಿಂಗಳು ಬೇರೆ ಬಂಡೆ ನೋಡಿಕೊಳ್ಳೋಣ.

ಊಟದ ಚಿಂತೆ ಬೇಡ. ಕಾಡಿನೊಳಗೆ ಅಲ್ಲಲ್ಲಿ ಹ್ಯುಟೆಗಳಿವೆ, ಅಂದರೆ ಗುಡಿಸಲಿನಂಥ ಊಟದ ಮನೆ. ಎಲ್ಲ ಸೇರಿ ನೂರಕ್ಕೂ ಹೆಚ್ಚು. ಎಷ್ಟೋ ಕಡೆ ಅಡುಗೆ ಮಾಡಿ ಬಡಿಸುವವರೂ ಸಂಘದ ಸದಸ್ಯರೇ. ಈ ಹ್ಯುಟೆ ಸಂಸ್ಕೃತಿಯನ್ನು 2021ರಲ್ಲಿ ಜರ್ಮನಿಯ ಪರಂಪರೆಯ ಪಟ್ಟಿಗೆ ಸೇರಿಸಿದರು. ಉದ್ದನೆ ಬೆಂಚು, ಗುರುತಿಲ್ಲದವರ ಪಕ್ಕದಲ್ಲೇ ಕೂರಬೇಕು. ಜಾಗ ಇದೆಯಾ ಅಂತ ಕೇಳಿದರೆ ಸಾಕು, ಸರಿದು ಕೂರುತ್ತಾರೆ, ಮಾತು ಶುರುವಾಗುತ್ತದೆ. ಆಫೀಸಿನಲ್ಲಿ ನಾಲ್ಕು ವರ್ಷದಲ್ಲಿ ಬಾರದ ಜರ್ಮನ್ ನನಗೆ ಆ ಬೆಂಚಿನ ಮೇಲೆ ಬಂತು. ಮಾಂಸ ತಿನ್ನದವರು ವೈಸರ್ ಕೇಸ್ ಕೇಳಿ, ಗಟ್ಟಿ ಮೊಸರಿಗೆ ಈರುಳ್ಳಿ ಹಾಕಿದ ಹಾಗಿರುತ್ತದೆ, ಬ್ರೆಡ್ಡಿನ ಜೊತೆ ಚೆನ್ನ. ಡಾಂಪ್‌ನೂಡೆಲ್ ಸಿಕ್ಕರೆ ಬಿಡಬೇಡಿ. ಆವಿಯಲ್ಲಿ ಬೆಂದ ದಪ್ಪ ಬನ್ನು, ತಳ ಮಾತ್ರ ಉಪ್ಪುಪ್ಪಾಗಿ ಗರಿಗರಿ. ವೈನ್ ಬೇಡದವರಿಗೆ ದ್ರಾಕ್ಷಿ ರಸ ಇದೆ.

ಎರಡು ಮಾತು ಎಚ್ಚರಿಕೆಗೆ. ತೋಟದ ದ್ರಾಕ್ಷಿಗೆ ಕೈ ಹಾಕಬೇಡಿ, ಒಂದು ಗೊಂಚಲೂ ರೈತನದೇ, ಅದರ ಹಿಂದಿನ ದುಡಿಮೆ ನನಗೆ ಗೊತ್ತು. ಮನೆಗೆ ಬಂದ ಮೇಲೆ ಮಕ್ಕಳ ಮೊಣಕಾಲ ಸಂದು, ಕಿವಿಯ ಹಿಂದೆ ಉಣುಗು ಕಚ್ಚಿದೆಯಾ ನೋಡಿ. ಕಾಡಿನಲ್ಲಿ ಏನಾದರೂ ಆದರೆ 112ಕ್ಕೆ ಫೋನ್ ಮಾಡಿ ಹತ್ತಿರದ ಆಂಬುಲೆನ್ಸ್ ಬೋರ್ಡಿನ (ಆಂಬುಲೆನ್ಸ್ ಬರುವ ಜಾಗ ಗುರುತಿಸಿ ಹಾಕಿದ ಬೋರ್ಡು) ನಂಬರ್ ಹೇಳಿ, ಅವರಿಗೆ ಜಾಗ ತಿಳಿಯುತ್ತದೆ. ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ, ಅದಕ್ಕೆ ದಾರಿಯಲ್ಲಿ ಬೋರ್ಡ್ ಕಂಡಾಗಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಬರುವ ಭಾನುವಾರ ನಾನು ಕಾಲ್ಮಿಟ್‌ಗೆ ಹೋಗುತ್ತಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ನಾಯ್‌ಸ್ಟಾಟ್ ಸ್ಟೇಷನ್ ಮುಂದೆ ನಿಂತಿರುತ್ತೇನೆ. ಹಿಡಿತ ಇರುವ ಬೂಟು, ನೀರು, ಒಂದು ಟಾರ್ಚು ತನ್ನಿ. ಚಿತ್ರಾನ್ನ ನಾನು ತರುತ್ತೇನೆ.