ಹಲ್ಲಿಗಿಂತ ಮೊದಲು ತುಟಿ ನೋಡಿ

ಕೇಳುಗರಿಗೆ ನಮಸ್ಕಾರ.

ಮುಂದಿನ ಹಲ್ಲು ಉಬ್ಬಿದೆ, ಕ್ಲಿಪ್ ಹಾಕಿಬಿಡಿ ಅಂತ ಅಪ್ಪ ಅಮ್ಮ ಮಗುವನ್ನು ಕರೆದುಕೊಂಡು ಬರುತ್ತಾರೆ. ನಾವಿನ್ನೂ ‘ಬಾಯಿ ತೆಗಿ’ ಅಂದಿರುವುದಿಲ್ಲ. ಮಗುವಿನ ಬಾಯಿ ಆಗಲೇ ತೆರೆದಿರುತ್ತದೆ! ಮಕ್ಕಳ ಹಲ್ಲಿನ ಡಾಕ್ಟರಿಗೆ ಅರ್ಧ ಸುದ್ದಿ ಅಲ್ಲೇ ಸಿಕ್ಕಿಬಿಡುತ್ತದೆ.

ಹಲ್ಲು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮೂಳೆಯೊಂದೇ ತೀರ್ಮಾನ ಮಾಡುವುದಿಲ್ಲ. ಹೊರಗಿನಿಂದ ತುಟಿ, ಕೆನ್ನೆ ಒತ್ತುತ್ತವೆ. ಒಳಗಿನಿಂದ ನಾಲಿಗೆ ಒತ್ತುತ್ತದೆ. ಇವುಗಳ ನಡುವೆ ಹಲ್ಲು ಜಾಗ ಮಾಡಿಕೊಳ್ಳುತ್ತದೆ. ಅಗಿಯುವಾಗ ಬೀಳುವ ಭಾರ ಜಾಸ್ತಿಯೇ, ಆದರೆ ಅದು ಕ್ಷಣಮಾತ್ರ. ಅಷ್ಟಕ್ಕೆ ಹಲ್ಲು ಜರುಗುವುದಿಲ್ಲ. ಒತ್ತಡ ಹಗುರವಾಗಿದ್ದರೂ ದಿನಕ್ಕೆ ಸುಮಾರು 6 ಗಂಟೆ ಬಿದ್ದರೆ ಹಲ್ಲು ಸರಿಯತೊಡಗುತ್ತದೆ. ಕ್ಲಿಪ್ ಕೆಲಸ ಮಾಡುವುದೂ ಇದೇ ಲೆಕ್ಕದ ಮೇಲೆ.

ಹಾಗಾಗಿ ನಾಲಿಗೆ ಸುಮ್ನೆ ಇರುವಾಗ ಎಲ್ಲಿರುತ್ತದೆ ಅನ್ನುವುದು ದೊಡ್ಡ ಪ್ರಶ್ನೆ. ನೀವೂ ಈಗಲೇ ನೋಡಿಕೊಳ್ಳಿ. ತುಟಿ ಮುಚ್ಚಿ ಮೂಗಿನಲ್ಲಿ ಉಸಿರಾಡುತ್ತಿದ್ದರೆ ನಾಲಿಗೆ ಅಂಗುಳಕ್ಕೆ ಒರಗಿರುತ್ತದೆ. ಅದರ ತುದಿ, ಮೇಲಿನ ಬಾಚಿಹಲ್ಲಿನ ಹಿಂದೆ ಏರುತಗ್ಗು ಕೈಗೆ ಸಿಗುತ್ತದಲ್ಲ, ಅಲ್ಲಿರುತ್ತದೆ. ಬಾಯಲ್ಲಿ ಉಸಿರಾಡುವ ಮಗುವಿಗೆ ಇದು ಆಗುವುದಿಲ್ಲ. ಗಾಳಿಗೆ ದಾರಿ ಬೇಕಲ್ವಾ? ನಾಲಿಗೆ ಕೆಳಗಿಳಿಯುತ್ತದೆ. ಅಂಗುಳಕ್ಕೆ ಒಳಗಿನ ಆಸರೆ ತಪ್ಪುತ್ತದೆ, ಕೆನ್ನೆಯ ಒತ್ತಡ ಮಾತ್ರ ಹಾಗೇ ಉಳಿಯುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಮೇಲ್ದವಡೆ ಇಕ್ಕಟ್ಟಾಗಿ, ಹಲ್ಲುಗಳಿಗೆ ಜಾಗ ಸಾಲದೆ ಹೋಗಬಹುದು.

1970ರ ದಶಕದಲ್ಲಿ ಈಗಿಲ್ ಹಾರ್ವಲ್ಡ್ ಎಂಬ ತಜ್ಞರು ಎಳೆಯ ಕೋತಿಗಳ ಮೂಗು ಮುಚ್ಚಿ ಪ್ರಯೋಗ ಮಾಡಿದ್ದರು. ಓದಿದರೆ ಸಂಕಟವಾಗುತ್ತದೆ, ಬಿಡಿ. ಆದರೆ ಕಂಡದ್ದು ಕುತೂಹಲದ್ದು. ಕೋತಿಗಳ ಹಲ್ಲಿನ ಸಾಲು ಕೆಟ್ಟಿತು, ಆದರೆ ಒಂದೊಂದರಲ್ಲಿ ಒಂದೊಂದು ಥರ. ಉಸಿರಿಗಾಗಿ ಯಾವ ಕೋತಿ ನಾಲಿಗೆ, ದವಡೆಗಳನ್ನು ಹೇಗೆ ಇಟ್ಟುಕೊಂಡಿತೋ ಅದರ ಮೇಲೆ ಫಲ ನಿಂತಿತ್ತು.

ನಾಲಿಗೆಯ ಅಭ್ಯಾಸ ಮಗು ನುಂಗುವಾಗಲೂ ಗೊತ್ತಾಗುತ್ತದೆ. ಅದನ್ನು ನೋಡಲು ಒಂದು ಗುಟುಕು ನೀರು ಸಾಕು. ಕೆಳತುಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹಿಡಿದು ‘ನುಂಗು ಪುಟ್ಟ’ ಅನ್ನುತ್ತೇವೆ. ಕೆಲವು ಮಕ್ಕಳು ಆರಾಮಾಗಿ ನುಂಗುತ್ತವೆ. ಕೆಲವರ ತುಟಿ ನಮ್ಮ ಬೆರಳಿನ ಜೊತೆ ಜಗ್ಗಾಡುತ್ತದೆ. ಗದ್ದದ ಚರ್ಮ ಬಿಗಿದು ಚಿಕ್ಕ ಚಿಕ್ಕ ಗುಳಿ ಬೀಳುತ್ತವೆ, ಹಲ್ಲುಗಳ ನಡುವೆ ನಾಲಿಗೆಯ ತುದಿ ಇಣುಕುತ್ತದೆ. ಹಾಲು ಕುಡಿಯುವ ಕೂಸು ನುಂಗುವುದೇ ಹೀಗೆ, ಅದಕ್ಕೆ ಅದೇ ಸರಿ. ಬೆಳೆಯುತ್ತಾ ಹೋದಂತೆ ಹೆಚ್ಚಿನ ಮಕ್ಕಳಲ್ಲಿ ಈ ರೀತಿ ಬದಲಾಗುತ್ತದೆ. ಇನ್ನು 6–7ರಲ್ಲಿ ಹಾಲುಹಲ್ಲು ಬಿದ್ದು ಕಿಂಡಿ ಇದ್ದಾಗ ನಾಲಿಗೆ ಇಣುಕಿದರೆ ಗಾಬರಿ ಬೇಡ.

ಬೆರಳು ಚೀಪುವುದೂ ಇದೇ ಸಾಲಿಗೆ ಸೇರಿದ್ದು. 3–4 ವರ್ಷದೊಳಗೆ ಬಿಟ್ಟರೆ ಹಲ್ಲು ಹೆಚ್ಚಾಗಿ ತಾನೇ ಸರಿಹೋಗುತ್ತದೆ. ಶಾಶ್ವತ ಹಲ್ಲು ಬಂದರೂ ಬಿಡದಿದ್ದರೆ ತೋರಿಸಿ. ಬೆರಳಿಗೆ ಕಹಿ ಹಚ್ಚುವ ಪದ್ಧತಿ ನನಗಂತೂ ಹಿಡಿಸುವುದಿಲ್ಲ.

ನನಗೆ ಬೇಸರ ತರಿಸುವ ಇನ್ನೊಂದು ಮಾತು, ‘ಬಾಯಿ ಮುಚ್ಚೋ’ ಅನ್ನುವ ಗದರಿಕೆ. ಮೂಗು ಕಟ್ಟಿದ್ದರೆ ಮಗು ಬಾಯಿ ಮುಚ್ಚುವುದಾದರೂ ಹೇಗೆ? ಮೂಗಿನ ಹಿಂದೆ ಅಡಿನಾಯ್ಡ್ ಅನ್ನುವ ಗಡ್ಡೆಯಂಥ ಭಾಗವಿದೆ. ಚಿಕ್ಕ ಮಕ್ಕಳಲ್ಲಿ ಅದು ದಪ್ಪಗಿರುತ್ತದೆ, ಹದಿಹರೆಯದಲ್ಲಿ ಕುಗ್ಗುತ್ತದೆ. ಅದು ದಾರಿಗೆ ಅಡ್ಡವಾಗಿರಬಹುದು. ಅಲರ್ಜಿಯಿಂದ ಮೂಗಿನ ಒಳಪದರ ಊದಿಕೊಂಡಿರಬಹುದು. ಮೊದಲು ಕಿವಿ-ಮೂಗು-ಗಂಟಲಿನ ಡಾಕ್ಟರು ನೋಡಲಿ, ಆಮೇಲೆ ನಾವು ಹೇಳಿಕೊಡುವ ತುಟಿ, ನಾಲಿಗೆಯ ವ್ಯಾಯಾಮ. ಬಾಯಿಗೆ ಟೇಪ್ ಅಂಟಿಸಿ ಮಲಗುವ ವಿಡಿಯೋಗಳು ಓಡಾಡುತ್ತಿವೆ. ಮಕ್ಕಳ ಮೇಲೆ ಅದನ್ನು ದಯವಿಟ್ಟು ಮಾಡಬೇಡಿ.

ಮುಖದ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುವುದು ಹೊಸದೇನಲ್ಲ. 1918ರಲ್ಲೇ ಅಮೆರಿಕದ ದಂತತಜ್ಞ ಆಲ್ಫ್ರೆಡ್ ರಾಜರ್ಸ್ ಇದರ ಬಗ್ಗೆ ಬರೆದಿದ್ದರು. ಜಪಾನಿನಲ್ಲಿ 2018ರಿಂದ ಮಕ್ಕಳ ಬಾಯಿಯ ಕೆಲಸಗಳು ಸರಿಯಾಗಿ ಬೆಳೆಯದಿರುವುದಕ್ಕೆ ಸರ್ಕಾರಿ ವಿಮೆಯಲ್ಲೇ ಚಿಕಿತ್ಸೆ ಸಿಗುತ್ತದೆ. ವ್ಯಾಯಾಮಗಳು ಆಟದಂತೆಯೇ ಇವೆ. ನಾಲಿಗೆಯನ್ನು ಪೂರ್ತಿ ಅಂಗುಳಕ್ಕೆ ಅಂಟಿಸಿ ‘ಟಕ್’ ಅಂತ ಬಿಡಿಸುವುದು ಒಂದು. ದಾರ ಕಟ್ಟಿದ ದೊಡ್ಡ ಗುಂಡಿಯನ್ನು ತುಟಿಗೂ ಹಲ್ಲಿಗೂ ನಡುವೆ ಇಟ್ಟು, ಎಳೆದರೂ ಬಿಡದಂತೆ ತುಟಿ ಬಿಗಿಹಿಡಿಯುವುದು ಇನ್ನೊಂದು. ದಾರ ಮಾತ್ರ ದೊಡ್ಡವರ ಕೈಯಲ್ಲೇ ಇರಬೇಕು. ದಿನಾ ಮಾಡಬೇಕು, ತಿಂಗಳುಗಟ್ಟಲೆ ಮಾಡಬೇಕು. ಕಷ್ಟ ಇರುವುದೇ ಅಲ್ಲಿ. ಮಗುವಿಗೆ ಎರಡನೇ ವಾರಕ್ಕೇ ಬೇಜಾರು, ಅಪ್ಪ ಅಮ್ಮನಿಗೆ ಅದಕ್ಕೂ ಮೊದಲೇ.

ದವಡೆಯ ಅಳತೆ ವಂಶದಿಂದ ಬಂದಿದ್ದರೆ ವ್ಯಾಯಾಮವೊಂದೇ ಸಾಲದು, ಕ್ಲಿಪ್ ಬೇಕಾಗುತ್ತದೆ. ಆದರೆ ನಾಲಿಗೆ ಹಳೇ ಜಾಗ ಬಿಡದಿದ್ದರೆ, ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಹಳೇ ಕಡೆಗೇ ಸರಿಯಬಹುದು.

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಮಗು ಗಾಢವಾಗಿ ಮಲಗಿದಾಗ ಫೋನಿನಲ್ಲಿ ಒಂದೆರಡು ನಿಮಿಷದ ವಿಡಿಯೋ ತೆಗೆಯಿರಿ, ಸದ್ದು ಕೇಳುವ ಹಾಗೆ. ಬಾಯಿ ತೆರೆದಿದೆಯಾ, ಗೊರಕೆ ಇದೆಯಾ, ಉಸಿರು ನಡುವೆ ನಿಂತು ಮತ್ತೆ ಶುರುವಾಗುತ್ತದೆಯಾ ಅನ್ನುವುದು ಅದರಲ್ಲಿ ಸಿಗುತ್ತದೆ. ಉಸಿರು ನಿಲ್ಲುವುದು ಕಂಡರೆ ಹಲ್ಲಿನ ವಿಷಯ ಆಮೇಲಿರಲಿ, ಆ ವಿಡಿಯೋವನ್ನು ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ.

ನಮಸ್ಕಾರ.